ಮೇಲುಕೋಟೆ ಏರಲ್ಲಿ ಗಾಡಿ ಎಳೀತಿಲ್ಲ, ಕಪ್ಪು ಹೊಗೆ, ಚೆಕ್ ಲೈಟ್. ಗೊತ್ತಿರೋರು ಹೇಳಿ

ಮದ್ದೂರ್_ವಿಕ್ರಾಸ್:
ಸಾಕಾಗೋಗಿದೆ ಕಣ್ರಪ್ಪ. ನಂದು ಇಸುಜು ವಿ-ಕ್ರಾಸ್ ಡೀಸೆಲ್ ಪಿಕಪ್. ಜಕ್ಕನಹಳ್ಳಿ ದಾಟಿ ಏರು ಶುರುವಾದ ಮೇಲೆ ಮೂರನೇ ಗೇರಲ್ಲಿ ಪೂರ್ತಿ ಒತ್ತಿದ್ರೆ ಹಿಂದೆ ಕಪ್ಪು ಹೊಗೆ, ಆಮೇಲೆ ಚೆಕ್ ಲೈಟ್, ಆಮೇಲೆ ಎತ್ತಿನಗಾಡಿ ಥರ ಹೋಗತ್ತೆ. ಪಕ್ಕಕ್ಕೆ ಹಾಕಿ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗತ್ತೆ. ಸಪಾಟು ರಸ್ತೇಲಿ ಏನೂ ತೊಂದರೆ ಇಲ್ಲ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎರಡೂ ಹೊಸದು. ತೋರಿಸಿದ ಗ್ಯಾರೇಜಲ್ಲಿ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋದು) ಹೋಗಿದೆ, ಬದಲಾಯಿಸಿ ಅಂದ್ರು. ಅಷ್ಟು ದುಡ್ಡು ಸುರಿಯೋಕೆ ಮುಂಚೆ ಕೇಳ್ತಿದೀನಿ.

ಪಾಂಡವಪುರ_ಡೀಸೆಲ್:
ಇಜಿಆರ್ ಕಣಣ್ಣ, ಸುಟ್ಟ ಹೊಗೇನ ಸ್ವಲ್ಪ ವಾಪಸ್ ಎಂಜಿನ್ನಿಗೆ ಬಿಡೋ ವಾಲ್ವ್. ಕಣ್ಮುಚ್ಕೊಂಡು ಹೇಳ್ತೀನಿ. ವಾಲ್ವ್ ಬಿಚ್ಚಿ ನೋಡಿ, ಒಳಗೆ ಮಸಿ ತುಂಬಿ ಮುಚ್ಕೊಳ್ದೆ ನಿಂತಿರತ್ತೆ.

ಮದ್ದೂರ್_ವಿಕ್ರಾಸ್:
ಹೋದ ಸರ್ವಿಸಲ್ಲೇ ಇಜಿಆರ್ ಬಿಚ್ಚಿ ತೊಳೆಸಿದ್ದೀನಣ್ಣ.

ಪಾಂಡವಪುರ_ಡೀಸೆಲ್:
ತೊಳೆದ್ರೆ ಸಾಲಲ್ಲ, ಪ್ಲೇಟ್ ಹಾಕಿ ಮುಚ್ಬಿಡಿ. ನಾನು ನೋಡಿರೋ ಕಪ್ಪು ಹೊಗೆ ಗಾಡಿಗಳೆಲ್ಲ ಅದ್ರಿಂದಾನೇ ಸರಿಹೋಗಿರೋದು.

ಹೆಬ್ಬಾಳ್_ಪಂಪ್‌ರೂಮ್:
ಪ್ಲೇಟು ಆಮೇಲೆ ನೋಡೋಣ. ಮದ್ದೂರಿನವ್ರೇ, ಮೊದ್ಲು ಮೂರು ವಿಷಯ ಹೇಳಿ. ಯಾವ ವರ್ಷದ ಗಾಡಿ? ಚೆಕ್ ಲೈಟ್ ಬಂದಾಗ ಸ್ಕ್ಯಾನರಲ್ಲಿ ಯಾವ ಕೋಡ್ ಇತ್ತು? ಎಂಜಿನ್ನಿಗೆ ಹೊರಗಡೆಯಿಂದ ಏನಾದ್ರೂ ಹಾಕ್ಸಿದೀರಾ?

ಮದ್ದೂರ್_ವಿಕ್ರಾಸ್:
2017ರದು, 2.5 ಲೀಟರ್. ಕೋಡ್ ಪಿ0299. ಟ್ಯೂನಿಂಗ್ ಬಾಕ್ಸ್ ಇದೆ, ಮೇಲಿನ ಸೆಟ್ಟಿಂಗಲ್ಲಿ ಓಡಿಸ್ತೀನಿ. ಅದನ್ನ ಎಲ್ರೂ ಹಾಕ್ಸೇ ಹಾಕ್ಸಿರ್ತಾರಲ್ಲ ಅಂತ ಬರೀಲಿಲ್ಲ. ಟೈರು 265/75 ಆರ್16. ಹಿಂದೆ ಸಾಮಾನ್ಯವಾಗಿ ಹಿಂಡಿ ಬೂಸಾ ಮೂಟೆ ಇರತ್ತೆ.

ಹೆಬ್ಬಾಳ್_ಪಂಪ್‌ರೂಮ್:
ಈಗ ಕಥೆ ಬೇರೆ ಆಯ್ತು. ಪಿ0299 ಅಂದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ಕೇಳಿದಷ್ಟು ಬೂಸ್ಟ್ (ಟರ್ಬೊ ಒತ್ತೋ ಗಾಳಿ) ಬರ್ತಿಲ್ಲ ಅಂತ ಅಷ್ಟೇ, ಟರ್ಬೊ ಹೋಗಿದೆ ಅಂತಲ್ಲ. ಟರ್ಬೊ ದಾಟಿದ ಮೇಲೆ ಎಲ್ಲೋ ಗಾಳಿ ಸೋರ್ತಿದ್ರೂ ಇದೇ ಕೋಡ್. ಗಾಳಿ ಅಳೆಯೋ ಸೆನ್ಸರ್ ಏರ್ ಫಿಲ್ಟರ್ ಪಕ್ಕದಲ್ಲೇ ಇರತ್ತೆ. ಅಲ್ಲಿ ಲೆಕ್ಕ ಆದ ಗಾಳಿ ಮುಂದೆ ಸೋರಿ ಹೋದ್ರೆ ಇಸಿಯು ಇಲ್ಲದಿರೋ ಗಾಳಿಗೂ ಡೀಸೆಲ್ ಬಿಡತ್ತೆ. ಹೊಗೆ ಅಲ್ಲಿಂದ. ಕಮ್ಮಿ ಬಿದ್ದ ಬೂಸ್ಟ್ ತುಂಬೋಕೆ ಟರ್ಬೊ ಅತಿಯಾಗಿ ತಿರುಗತ್ತೆ. ಹಿಂಗೇ ಓಡಿಸ್ತಿದ್ರೆ ಚೆನ್ನಾಗಿರೋ ಟರ್ಬೊನೂ ನಿಜವಾಗ್ಲೂ ಹೋಗತ್ತೆ.

ಐಡ್ಲಿಂಗಲ್ಲಿ ಸೋಪುನೀರು ಹಾಕಿ ನೋಡೋದ್ರಿಂದ ಪ್ರಯೋಜನ ಇಲ್ಲ, ಆಗ ಬೂಸ್ಟೇ ಇರಲ್ಲ. ಎಂಜಿನ್ ಆಫ್ ಇರ್ಲಿ. ಟರ್ಬೊ ಒಳಬಾಯಿಗೆ ಗಟ್ಟಿ ಮುಚ್ಚಳ ಕ್ಲಾಂಪ್ ಮಾಡಿ, ಅದಕ್ಕೊಂದು ವಾಲ್ವ್ ಇಟ್ಟು, ಪಂಕ್ಚರ್ ಅಂಗಡಿ ಕಂಪ್ರೆಸರಿಂದ ನಿಧಾನಕ್ಕೆ 1 ಬಾರ್ ತನಕ ಗಾಳಿ ತುಂಬ್ಸಿ. ರೆಗ್ಯುಲೇಟರ್ ಇಲ್ಲದೆ ಬೇಡ, ಮುಚ್ಚಳದ ಎದುರಿಗೆ ನಿಲ್ಲಲೂಬೇಡಿ. ಆಮೇಲೆ ಹೋಸುಗಳ ಮೇಲೆ ಸೋಪುನೀರು. ಎಲ್ಲೂ ಗುಳ್ಳೆ ಬರ್ಲಿಲ್ಲ ಅಂದ್ರೆ ಟರ್ಬೊ ಆಕ್ಚುಯೇಟರಿನ (ಬೂಸ್ಟ್ ಹೆಚ್ಚುಕಮ್ಮಿ ಮಾಡೋ ಭಾಗ) ವ್ಯಾಕ್ಯೂಮ್ ಪೈಪು ನೋಡಿ.

ಅಲ್ಲೀತನಕ ಬಾಕ್ಸ್ ಬಿಚ್ಚಿಡಿ. ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗೋ ಡೀಸೆಲ್ ಒತ್ತಡ) ಕಮ್ಮಿ ಇದೆ ಅಂತ ಇಸಿಯುಗೆ ಸುಳ್ಳು ಹೇಳಿ ಡೀಸೆಲ್ ಜಾಸ್ತಿ ಬಿಡ್ಸೋದಷ್ಟೇ ಅದರ ಕೆಲಸ. ಗಾಳಿ ಒಂದು ಗುಟುಕೂ ಹೆಚ್ಚಾಗಲ್ಲ.

ಯಾದವಗಿರಿ_ಯೆಜ್ಡಿ:
ಡೀಸೆಲ್ ಸ್ವಲ್ಪ ಜಾಸ್ತಿ ಹೋದ್ರೆ ಒಳ್ಳೇದೇ ಅಲ್ವಾ ಸರ್? ಎಂಜಿನ್ ತಣ್ಣಗಿರತ್ತೆ. ನನ್ ಯೆಜ್ಡಿಗೆ ಯಾವಾಗ್ಲೂ ಒಂದು ಸೈಜ್ ದೊಡ್ಡ ಜೆಟ್ಟೇ (ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಬಿಡೋ ತೂತು) ಹಾಕೋದು, ಇವತ್ತಿಗೂ ಸೀಜ್ ಆಗಿಲ್ಲ. ನಮ್ಮೂರ ಕಾರ್ಖಾನೇಲೇ ತಯಾರಾದ ಗಾಡಿ ಅದು. ಜಾವಾ ಶುರುವಾಗಿದ್ದು 1961ರಲ್ಲಿ...

ಹೆಬ್ಬಾಳ್_ಪಂಪ್‌ರೂಮ್:
ಪೆಟ್ರೋಲಿಗೆ ನೀವು ಹೇಳೋದು ಸರಿ. ಡೀಸೆಲ್ಲಿಗೆ ಪೂರ್ತಿ ತಿರುಗ್ಮುರುಗ. ಇಲ್ಲಿ ಗಾಳಿಗಿಂತ ಇಂಧನ ಹೆಚ್ಚಾದಷ್ಟೂ ಸೈಲೆನ್ಸರಿಗೆ ಹೋಗೋ ಗಾಳಿ ಬಿಸಿ ಆಗ್ತಾ ಹೋಗತ್ತೆ. ಶುದ್ಧ ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ, ಪಿಸ್ಟನ್ ಮಿಶ್ರಲೋಹ ಅದಕ್ಕೂ ಮುಂಚೇನೇ ಸೋಲತ್ತೆ. ಕೆಳಗಿಂದ ಚಿಮ್ಮೋ ಆಯಿಲ್ಲು ಅದನ್ನ ಕಾಪಾಡ್ತಿರತ್ತೆ. ಟರ್ಬೊಗೆ ಮುಂಚೆ 700 ಡಿಗ್ರಿ ದಾಟಿ ಏರಿನುದ್ದಕ್ಕೂ ನಿಂತ್ರೆ ಕಾಲು ತೆಗೀಲೇಬೇಕು. ಕೂಲಂಟ್ ಮೀಟರ್ ಇದನ್ನ ತೋರಿಸಲ್ಲ, ಅದು ಏಳೋ ಹೊತ್ತಿಗೆ ತಡ ಆಗಿರತ್ತೆ. ಪವರ್ ಬೇಕು ಅನ್ನೋರು ಬಾಕ್ಸಿಗಿಂತ ಮುಂಚೆ ಪೈರೋಮೀಟರ್ (ಆ ಬಿಸಿ ಗಾಳಿ ಎಷ್ಟು ಡಿಗ್ರಿ ಅಂತ ತೋರಿಸೋ ಮೀಟರ್) ಹಾಕ್ಸಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

ನಾಗಮಂಗಲ_ಫೋರ್‌ಬೈಫೋರ್:
ಟೈರ್ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ. ಕಂಪನಿ ಟೈರು 245/70 ಆರ್16, ಅದಕ್ಕಿಂತ 265/75 ಸುಮಾರು 7 ಪರ್ಸೆಂಟ್ ಎತ್ತರ. ಮೀಟರಲ್ಲಿ 80 ಇದ್ರೆ ನಿಜಕ್ಕೂ 85ರ ಮೇಲೆ. ಏರಲ್ಲಿ ಮೂರನೇ ಗೇರು ಭಾರ ಆಗೋದೇ, ಎರಡಕ್ಕೆ ಇಳಿಸಿ. ನಂದು 33 ಇಂಚು, ಸ್ನಾರ್ಕಲ್ ಬೇರೆ, ಮುಂದೆ ಸ್ಟೀಲ್ ಬಂಪರ್, ವಿಂಚ್. ಫೋಟೊ ಹಾಕ್ತೀನಿ.

ಪಾಂಡವಪುರ_ಡೀಸೆಲ್:
ಟೈರಿಗೆ ಕಪ್ಪು ಹೊಗೆ ಬರತ್ತಾ ಗುರು? ಇಜಿಆರ್ ತೆರೆದು ನಿಂತ್ರೂ ಪಿ0299 ಬರತ್ತೆ, ಪಂಪ್‌ರೂಮ್ ಅವ್ರನ್ನೇ ಕೇಳಿ.

ಹೆಬ್ಬಾಳ್_ಪಂಪ್‌ರೂಮ್:
ಬರತ್ತೆ, ಇಲ್ಲ ಅನ್ನಲ್ಲ. ಆದ್ರೆ ತೊಳೆದಾಗಿದೆ ಅಂತಿದಾರಲ್ಲ, ಬಾಕ್ಸಿನ ಒತ್ತಡ ಬೇರೆ ಇರೋವಾಗ ಹೋಸ್ ಮೊದ್ಲು.

ಮದ್ದೂರ್_ವಿಕ್ರಾಸ್:
ಮಾಡ್ಸಿದೆ ಅಣ್ಣ. ಇಂಟರ್‌ಕೂಲರಿಂದ (ಟರ್ಬೊ ಗಾಳಿ ತಣ್ಣಗೆ ಮಾಡೋದು) ಎಂಜಿನ್ ಕಡೆ ಹೋಗೋ ಹೋಸಿನ ಕ್ಲಾಂಪ್ ಹತ್ರ ಗುಳ್ಳೆ ಗುಳ್ಳೆ. ಹೋಸ್ ಅರ್ಧ ಜಾರಿತ್ತು. ಬಾಯಿ ಒರೆಸಿ, ಹೊಸ ಟಿ-ಬೋಲ್ಟ್ ಕ್ಲಾಂಪ್ ಹಾಕಿ ಮೇಲುಕೋಟೆಗೆ ಹೋಗ್ಬಂದೆ. ಬಾಕ್ಸ್ ಇಲ್ಲದೆ ಹೊಗೆನೂ ಇಲ್ಲ, ಲೈಟೂ ಇಲ್ಲ, ಟರ್ಬೊ ಗಟ್ಟಿ ಐತೆ. ಆಮೇಲೆ ಬಾಕ್ಸ್ ಸಿಕ್ಕಿಸಿ ಹೋದ್ರೆ ಲೈಟ್ ಬರ್ಲಿಲ್ಲ, ಹೊಗೆ ಮಾತ್ರ ಬಂತು. ಇನ್ನೆಲ್ಲಾದ್ರೂ ಸೋರ್ತಿದೆಯಾ?

ಹೆಬ್ಬಾಳ್_ಪಂಪ್‌ರೂಮ್:
ಸೋರಿಕೆ ಮುಗೀತು. ಈಗಿರೋದು ಬಾಕ್ಸಿನ ಹೊಗೆ. ಈ ಎಂಜಿನ್ ಕಂಪನಿಯಿಂದಾನೇ 134 ಕುದುರೆ, 320 ನ್ಯೂಟನ್ ಮೀಟರ್ ಕೊಡತ್ತೆ. ಇನ್ನೂ ಬೇಕೇ ಬೇಕು ಅಂದ್ರೆ ಬೂಸ್ಟು, ಡೀಸೆಲ್ಲು, ಹೊಗೆ ಮಿತಿ ಮೂರನ್ನೂ ಒಟ್ಟಿಗೆ ತಿದ್ದಿ, ಡೈನೋ (ಪವರ್ ಅಳೆಯೋ ಯಂತ್ರ) ಮೇಲೆ ಲಾಗ್ ಪ್ರಿಂಟ್ ಕೊಡೋರ ಹತ್ರ ಮಾತ್ರ ರೀಮ್ಯಾಪ್ (ಇಸಿಯು ಪ್ರೋಗ್ರಾಂ ತಿದ್ದೋದು) ಮಾಡ್ಸಿ. ಹೆಚ್ಚಿದ ಪವರ್ ಕ್ಲಚ್ ತಡೆಯತ್ತಾ ಅನ್ನೋ ವಿಷಯ ಅವರು ಎತ್ತಲಿಲ್ಲ ಅಂದ್ರೆ ಎದ್ದು ಬನ್ನಿ. ಇನ್ಶೂರೆನ್ಸ್‌ನೋರಿಗೂ ಕೇಳ್ಕೊಳಿ, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಗಾಡಿ ಬದಲಾವಣೆ ಬಗ್ಗೇನೇ ಇರೋದು. ಅಲ್ಲೀತನಕ ಬಾಕ್ಸ್ ಮನೇಲಿರ್ಲಿ.

ಮದ್ದೂರ್_ವಿಕ್ರಾಸ್:
ದುಡ್ಡು ಕೊಟ್ಟು ತಂದಿರೋದನ್ನ ಮನೇಲಿ ಹೆಂಗಣ್ಣ ಇಡೋದು? ಕೆಳಗಿನ ಸೆಟ್ಟಿಂಗಲ್ಲಿ ಇಟ್ಟು, ಪೈರೋಮೀಟರ್ ಹಾಕ್ಸಿ ನೋಡ್ಲಾ? ಪ್ರೋಬ್ ಎಲ್ಲಿಗೆ ಬರತ್ತೆ?

ಹೆಬ್ಬಾಳ್_ಪಂಪ್‌ರೂಮ್:
ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ, ಟರ್ಬೊಗೆ ಮುಂಚೆ. ಮ್ಯಾನಿಫೋಲ್ಡ್ ಬಿಚ್ಚಿ ಕೆಳಗಿಟ್ಟು ಡ್ರಿಲ್ ಮಾಡ್ಸಿ. ಗಾಡೀಲಿದ್ದಂಗೇ ಕೊರೆದ್ರೆ ಲೋಹದ ಪುಡಿ ಟರ್ಬೈನಿಗೆ ಹೋಗತ್ತೆ. ಮೊದ್ಲ ಸಲ ಬಾಕ್ಸ್ ಇಲ್ಲದೆ, ಅದೇ ಮೂಟೆ ಹಾಕ್ಕೊಂಡು ಅದೇ ಏರು ಹತ್ತಿ ನಂಬರ್ ಬರೆದಿಟ್ಕೊಳಿ. ಆಮೇಲೆ ಕೆಳಗಿನ ಸೆಟ್ಟಿಂಗ್. ಎರಡೂ ಇಲ್ಲಿ ಹಾಕಿ.

ನಾಗಮಂಗಲ_ಫೋರ್‌ಬೈಫೋರ್:
ನಂದು ಬಿಎಸ್6, ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇರೋದು. ಅದಕ್ಕೂ ಬಾಕ್ಸ್ ಹಾಕ್ಬೋದಾ ಸರ್?

ಹೆಬ್ಬಾಳ್_ಪಂಪ್‌ರೂಮ್:
ಹೊಗೆ ಜಾಸ್ತಿ ಆದ್ರೆ ಡಿಪಿಎಫ್ ಬೇಗ ಕಟ್ಕೊಳ್ಳತ್ತೆ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ. ಇಲ್ಲಿ ಮದ್ದೂರಿನವ್ರ ನಂಬರ್ ಬರ್ಲಿ.