ದೊಡ್ಡಪ್ಪನ ಫಾರ್ವರ್ಡು, ಹಳೇ ಫೋನ್ ಬಿಲ್ಲು

ಭಾನುವಾರ ಬೆಳಿಗ್ಗೆ, ಇನ್ನೂ ಕಾಫಿ ಇಳಿದಿರಲಿಲ್ಲ, ‘ಹನುಮಂತನಗರದ ಮನೆ’ ಗುಂಪಿಗೆ ದೊಡ್ಡಪ್ಪ ಇದನ್ನು ಹಾಕಿದರು. ಮೇಲೆ ಎರಡು ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಬಂದದ್ದು.

“ತುರ್ತು ಸೂಚನೆ!! ನಾಳೆಯಿಂದ 16 ವರ್ಷದೊಳಗಿನ ಮಕ್ಕಳ ಕೈಯಲ್ಲಿ ಮೊಬೈಲ್ ಕಂಡರೆ ತಂದೆತಾಯಿಗೆ ದಂಡ. ಬೆಂಗಳೂರಿನ ಎಲ್ಲಾ ಸಿಗ್ನಲ್‌ಗಳಲ್ಲಿ ತಪಾಸಣೆ. ನಿಮ್ಮವರಿಗೆಲ್ಲ ತಲುಪಿಸಿ.”

ಸುಧಾ ಅತ್ತೆ: ಒಳ್ಳೇದಾಯ್ತು ಬಿಡಿ ಅಣ್ಣ. ಯಾರಾದ್ರೂ ಮಾಡಲೇಬೇಕಿತ್ತು 🙏

ವಿನಯ್: ಯಾರ ಆದೇಶ? ಯಾವ ತಾರೀಖಿಂದು?

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ಕಳಿಸಿದವರು ನಿವೃತ್ತ ಎಂಜಿನಿಯರು.

ವಿನಯ್: ಎಂಜಿನಿಯರ್ ಕಳಿಸಿದ್ರೆ ಆದೇಶ ಆಗಿಬಿಡುತ್ತಾ ದೊಡ್ಡಪ್ಪ? ಇದು ಆಸ್ಟ್ರೇಲಿಯಾ ಸುದ್ದಿ, ದಾರೀಲಿ ಕೆಟ್ಟು ಬಂದಿದೆ. ಅಲ್ಲಿ 2024ರಲ್ಲಿ ಕಾನೂನು ಮಾಡಿ 2025ರ ಡಿಸೆಂಬರ್ 10ರಿಂದ ಜಾರಿಗೆ ತಂದ್ರು. 16 ತುಂಬದೋರಿಗೆ ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಯೂಟ್ಯೂಬ್ ಥರದ್ರಲ್ಲಿ ಖಾತೆ ಇಲ್ಲ, ಅಷ್ಟೇ. ಮೊಬೈಲ್ ಮುಟ್ಟಬಾರದು ಅಂತಲ್ಲ. ದಂಡ ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಅಪ್ಪ ಅಮ್ಮನಿಗೂ ಇಲ್ಲ, ಮಗೂಗೂ ಇಲ್ಲ.

ಸುಧಾ ಅತ್ತೆ: ಇವನಿಗೆ ಎಲ್ಲದಕ್ಕೂ ಪುರಾವೆ ಬೇಕು. ಮಾಧವಿಗೆ ಆ ಸಂಬಂಧ ತಂದಾಗಲೂ ಹೀಗೇ ಆಡಿದ.

ವಿನಯ್: ಹುಡುಗ ಅಮೆರಿಕದಲ್ಲಿದ್ದಾನೆ ಅಂದಿದ್ರಿ ಅತ್ತೆ. ಇದ್ದದ್ದು ಹೊಸಕೋಟೇಲಿ.

ಮಾಧವಿ: ನನ್ನನ್ನ ಯಾಕೆ ಎಳೀತೀರಿ ಇದಕ್ಕೆ?

ದೊಡ್ಡಪ್ಪ: ಸುದ್ದಿ ಸುಳ್ಳೇ ಇರಲಿ, ಅದರೊಳಗಿನ ನೀತಿ ಸುಳ್ಳಲ್ಲ. ನಮ್ಮ ಕಾಲದಲ್ಲಿ ಮಕ್ಕಳು ಸಂಜೆ ಕೈಕಾಲು ತೊಳೆದು ಮಗ್ಗಿ ಹೇಳ್ತಿದ್ದರು. ಈಗಿನ ತಾಯಂದಿರಿಗೆ ಮಗೂಗೆ ಊಟ ಮಾಡಿಸೋಕೂ ಫೋನೇ ಬೇಕು.

ಈ ಸಾಲಿಗೆ ಗುಂಪಿನ ಅಪ್ಪಂದಿರಿಂದ ಹೆಬ್ಬೆರಳುಗಳು ಬಿದ್ದವು. ತಾಯಂದಿರು ಅಂದಿದ್ದರಲ್ಲ, ತಮಗೆ ಸಂಬಂಧವಿಲ್ಲ ಅನ್ನೋ ನೆಮ್ಮದಿ. ರೂಪಾ ‘ಟೈಪಿಂಗ್’ ಅಂತ ಬಂತು, ನಿಂತಿತು, ಮತ್ತೆ ಬಂತು. ಅಡ್ಮಿನ್ ಆಗಿರೋ ನನಗೆ ಆಗಲೇ ಗೊತ್ತಾಯಿತು, ಇವತ್ತು ತಿಂಡಿ ತಡ.

ರೂಪಾ: ಮಾವ, ಚಿನ್ಮಯ್ ಟ್ಯಾಬ್‌ಗೆ ಫ್ಯಾಮಿಲಿ ಲಿಂಕ್ ಹಾಕಿದ್ದೀನಿ. ದಿನಕ್ಕೆ ಒಂದು ಗಂಟೆ. ರಾತ್ರಿ ಎಂಟೂವರೆಗೆ ಅದೇ ಲಾಕ್ ಆಗುತ್ತೆ. ಹೊಸ ಆ್ಯಪ್ ಬೇಕಂದ್ರೆ ನನ್ನ ಫೋನಿಗೆ ಕೋರಿಕೆ ಬರುತ್ತೆ, ನಾನು ಒಪ್ಪಿದ್ರೆ ಮಾತ್ರ ಇಳಿಯುತ್ತೆ.

ರೂಪಾ: ಎಂಟೂವರೆ ಆದಮೇಲೆ ಅವನು ಯಾರ ರೂಮಿಗೆ ಹೋಗ್ತಾನೆ ಅಂತಾನೂ ಬರೀರಿ.

ದೊಡ್ಡಪ್ಪ: ಮಗು ನನ್ನ ಫೋನಲ್ಲಿ ಪುರಾಣದ ಕಥೆ ನೋಡುತ್ತೆ.

ರೂಪಾ: ನಿಮ್ಮ ಯೂಟ್ಯೂಬ್ ಹಿಸ್ಟರಿ ತೆಗೆದು ನೋಡಿ ಮಾವ. ಒಂದು ಭಕ್ತ ಪ್ರಹ್ಲಾದ, ಆಮೇಲೆ ಎರಡು ಗಂಟೆ ಶಾರ್ಟ್ಸ್.

ಸುಧಾ ಅತ್ತೆ: ಹಿರಿಯರ ಹತ್ರ ಹೀಗಾ ಮಾತಾಡೋದು?

ಮಂಜಣ್ಣ: 😄😄 ದೊಡ್ಡಪ್ಪ ಫೋನಿಗೆ ಬೀಗ ಹಾಕ್ತಿದ್ದದ್ದು ಯಾರಿಗೆ ನೆನಪಿದೆ? ಹಾಲ್‌ನಲ್ಲಿದ್ದ ಕಪ್ಪು ಫೋನು! ಡಯಲ್ ತೂತಿಗೆ ಪುಟ್ಟ ಬೀಗ, ಬೀಗದ ಕೈ ಜನಿವಾರದಲ್ಲಿ. ನಾನೂ ಶ್ರೀಧರನೂ ರಿಸೀವರ್ ಇಡೋ ಗುಂಡಿ ಕುಟ್ಟಿ ಕುಟ್ಟಿ ನಂಬರ್ ಹಚ್ಚುತಿದ್ವಿ. 4 ಬೇಕಂದ್ರೆ ನಾಲ್ಕು ಸಲ, 0 ಬೇಕಂದ್ರೆ ಹತ್ತು ಸಲ. ನಂಬರಲ್ಲಿ ಸೊನ್ನೆ ಜಾಸ್ತಿ ಇದ್ದೋರಿಗೆ ಫೋನೇ ಮಾಡ್ತಿರಲಿಲ್ಲ.

ದೊಡ್ಡಪ್ಪ: ಹಾಗಾದರೆ ಆ ಬಿಲ್ಲು ನಿಮ್ಮದಾ?

ಸುಧಾ ಅತ್ತೆ: ಅಣ್ಣಾ!! ಅದನ್ನ ನನ್ನ ತಲೆಗೆ ಕಟ್ಟಿದ್ರಿ. ಮೈಸೂರಿನ ಗೆಳತಿಗೆ ನಾನೇ ಟ್ರಂಕ್ ಕಾಲ್ ಮಾಡಿದೆ ಅಂತ. ದೀಪಾವಳಿಗೆ ಸೀರೆ ಬೇರೆ ಕಟ್.

ಶ್ರೀಧರ: ನಾನು ಬರೀ ಕ್ರಿಕೆಟ್ ಸ್ಕೋರ್ ಕೇಳ್ತಿದ್ದೆ. ಉಳಿದದ್ದು ಮಂಜಂದು.

ಮಂಜಣ್ಣ: ಯಾರಿಗೆ ಮಾಡ್ತಿದ್ದೆ ಅಂತ ಇಲ್ಲಿ ಹೇಳೋಕಾಗಲ್ಲ, ನಮ್ಮನೆಯವಳೂ ಗುಂಪಲ್ಲಿದ್ದಾಳೆ.

ಮುಂದಿನ ಅರ್ಧ ಗಂಟೆ ಬಿಲ್ಲಿನ ಪಂಚಾಯ್ತಿ. ನಡುವೆ ವಿನಯ್ ಒಬ್ಬನೇ ಹಳಿಗೆ ತರಲು ನೋಡಿದ. ನಮ್ಮ ದೇಶದಲ್ಲಿರೋದು 2023ರ ಡೇಟಾ ಸಂರಕ್ಷಣೆ ಕಾಯ್ದೆ, 18ರೊಳಗಿನವರ ಮಾಹಿತಿ ಬಳಸೋಕೆ ಕಂಪನಿ ತಂದೆತಾಯಿಯ ಒಪ್ಪಿಗೆ ಪಡೀಬೇಕು ಅನ್ನುತ್ತೆ ಅದು, ಅಂತ ಬರೆದ. ಅದರ ಕೆಳಗೆ ಮಂಜಣ್ಣನ ಉತ್ತರ: “ನೀನು ಆಗ ಹುಟ್ಟೇ ಇರಲಿಲ್ಲ, ಸುಮ್ನಿರೋ.”

ನಾನೂ ಒಂದೇ ಒಂದು ಸಾಲು ಹಾಕಿದೆ: ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಅಂತ ಒಂದು ಕ್ಲಿನಿಕ್ ಇದೆ, ಮೊಬೈಲು, ಗೇಮು ಬಿಡಲಾಗದವರಿಗೆ. ಬೇಕಾದವರು ಹೋಗಿ ಕೇಳಬಹುದು.

ಸುಧಾ ಅತ್ತೆ: ನಿಮ್ಹಾನ್ಸಾ?! ನಮ್ಮ ಮಗೂಗೆ ಹುಚ್ಚು ಅಂತೀಯೇನೇ?

ರೂಪಾ: ಅವಳು ಚಿನ್ಮಯ್ ಹೆಸರು ಎತ್ತೇ ಇಲ್ಲ ಅತ್ತೆ. ವಯಸ್ಸೂ ಬರೆದಿಲ್ಲ 🙂

ದೊಡ್ಡಪ್ಪ: ಇದು ಯಾರನ್ನು ಕುರಿತು ಹೇಳಿದ್ದು?

ಯಾರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ಯಾವತ್ತಿನಂತೆ ಶುಭೋದಯದ ಗುಲಾಬಿ ಹಾಕಿದರು.

ರೂಪಾ: ಮಾವ, ದಂಡ ಗಿಂಡ ಬೇಡ. ನಿಮ್ಮ ಫೋನಿಗೆ ಒಂದು ಪಿನ್ ಹಾಕ್ಕೊಳ್ಳಿ, ಸಾಕು.

ದೊಡ್ಡಪ್ಪ: ಅದನ್ನು ಹಾಕೋದು ಹೇಗೆ?

ರೂಪಾ: ಒಗ್ಗರಣೆ ಹಾಕಿ ಬಂದು ಹೇಳ್ಕೊಡ್ತೀನಿ.

ದೊಡ್ಡಪ್ಪ: ಬೇಡಮ್ಮ, ಆಯಿತು. ಚಿನ್ಮಯನೇ ಹಾಕಿಕೊಟ್ಟ, ಜಾಣ ಹುಡುಗ. 1971, ನಾನು ಕೆಲಸಕ್ಕೆ ಸೇರಿದ ವರ್ಷ. ಮರೆತರೆ ಯಾರಾದರೂ ನೆನಪಿಸಿ.