ಯೆಮೆನ್‌ನಲ್ಲಿ ಯುದ್ಧ ತಣ್ಣಗಾದ ಮೇಲೂ ಮಕ್ಕಳು ಯಾಕೆ ಶಾಲೆಗೆ ಹೋಗ್ತಿಲ್ಲ?

ಸಂಜೆಬಸ್ಸು:

ನಮ್ಮ ಆಫೀಸಿನಲ್ಲಿ ಪ್ರತಿ ವರ್ಷ ಎಲ್ಲರೂ ಸೇರಿ ಯಾವುದಾದರೂ ಕೆಲಸಕ್ಕೆ ದುಡ್ಡು ಕೊಡುತ್ತೇವೆ. ಈ ಸಲ ಯೆಮೆನ್ ಮಕ್ಕಳ ಓದಿಗೆ ಕೊಡೋಣ ಅಂತ ಮಾತಾಗಿದೆ. ಹೊರದೇಶದ ಒಂದು ಸಂಸ್ಥೆ ಸ್ಕೂಲ್ ಬ್ಯಾಗು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸ್ ಎಲ್ಲ ಸೇರಿಸಿ ಒಂದು ಮಗುವಿಗೆ ಇಷ್ಟು ಅಂತ ಲೆಕ್ಕ ಕೊಟ್ಟಿದೆ. ಹೆಚ್ಚಿನವರು ಸರಿ ಅಂದಿದ್ದಾರೆ. ನನಗೆ ಮಾತ್ರ ಒಂದು ಅನುಮಾನ. 2022ರ ಏಪ್ರಿಲ್‌ನಲ್ಲಿ ಕದನವಿರಾಮ ಆಯಿತು, ಆಮೇಲೆ ಮೊದಲಿನಷ್ಟು ದೊಡ್ಡ ಕಾಳಗ ಇಲ್ಲ ಅಂತ ಓದಿದ್ದೆ. ಆದರೆ ಸೇವ್ ದ ಚಿಲ್ಡ್ರನ್ ಅನ್ನುವ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 45 ಲಕ್ಷ ಮಕ್ಕಳು ಶಾಲೆಯಿಂದ ಹೊರಗಿದ್ದಾರೆ. ಐದರಲ್ಲಿ ಇಬ್ಬರು! ಬಾಂಬ್ ಬೀಳುವುದು ಕಡಿಮೆಯಾದ ಮೇಲೂ ಇಷ್ಟೊಂದು ಮಕ್ಕಳು ಯಾಕೆ ಹೊರಗೆ? ಕಟ್ಟಡ ಇಲ್ಲ ಅಂತಲಾ? ಬ್ಯಾಗು ಕೊಟ್ಟರೆ ಏನಾದರೂ ಉಪಯೋಗ ಇದೆಯಾ, ಇಲ್ಲ ಸುಮ್ನೆ ನಮ್ಮ ಸಮಾಧಾನಕ್ಕಾ? ಗೊತ್ತಿರುವವರು ಹೇಳಿ.

ಹಳೇಮೇಷ್ಟ್ರು:

ಕಟ್ಟಡವೂ ಒಂದು ಕಾರಣವೇ. 2,000ಕ್ಕೂ ಹೆಚ್ಚು ಶಾಲೆ ಬಿದ್ದಿವೆ, ಇಲ್ಲವೇ ಸೈನಿಕರೋ ನಿರಾಶ್ರಿತರೋ ಸೇರಿಕೊಂಡು ಪಾಠ ನಿಂತಿದೆ. ಆದರೆ ಗಟ್ಟಿಯಾಗಿ ನಿಂತಿರುವ ಶಾಲೆಗಳೂ ನಡೆಯುತ್ತಿಲ್ಲ ಅಂದರೆ ಮುಖ್ಯ ಕಾರಣ ಮೇಷ್ಟ್ರ ಸಂಬಳ. ಇದು ಪೇಪರಿನಲ್ಲಿ ಬರುವುದು ಕಡಿಮೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

2014ರ ಸೆಪ್ಟೆಂಬರ್‌ನಲ್ಲಿ ಹೌತಿ ಅನ್ನುವ ಬಂಡುಕೋರರು ರಾಜಧಾನಿ ಸನಾ ಹಿಡಿದರು. 2015ರ ಮಾರ್ಚ್‌ನಲ್ಲಿ ಸರ್ಕಾರದ ಪರವಾಗಿ ಸೌದಿ ನೇತೃತ್ವದ ದೇಶಗಳ ಕೂಟ ಅವರ ಮೇಲೆ ವಿಮಾನದಾಳಿ ಶುರು ಮಾಡಿತು. ವಿಚಿತ್ರ ಏನೆಂದರೆ ಅಷ್ಟೆಲ್ಲ ಆದರೂ ಒಂದೂವರೆ ವರ್ಷ ಸರ್ಕಾರಿ ಸಂಬಳ ನಿಲ್ಲಲಿಲ್ಲ. ಸನಾದಲ್ಲಿದ್ದ ಕೇಂದ್ರ ಬ್ಯಾಂಕು ಎರಡೂ ಕಡೆಯ ನೌಕರರಿಗೆ ಬಟವಾಡೆ ಮಾಡುತ್ತಲೇ ಇತ್ತು. ಅತ್ತ ಯುದ್ಧ, ಇತ್ತ ತಿಂಗಳ ಸಂಬಳ. 2016ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಅಧ್ಯಕ್ಷ ಹಾದಿ ಬ್ಯಾಂಕಿನ ಕೇಂದ್ರ ಕಚೇರಿಯನ್ನೇ ತಮ್ಮ ಕಡೆ ಇದ್ದ ದಕ್ಷಿಣದ ಏಡನ್‌ಗೆ ಎತ್ತಿ ಹಾಕಿದರು. ಸನಾದಲ್ಲಿದ್ದರೆ ದುಡ್ಡು ಹೌತಿಗಳ ಕೈಗೆ ಹೋಗುತ್ತದೆ ಅನ್ನುವುದು ಅವರ ವಾದ. ಅದರಲ್ಲಿ ನಿಜವೂ ಇರಬಹುದು. ಎಲ್ಲಾ ನೌಕರರಿಗೂ ನಾವೇ ಸಂಬಳ ಕೊಡುತ್ತೇವೆ ಅಂತ ಮಾತು ಕೊಟ್ಟರು. ಉತ್ತರದ, ಅಂದರೆ ಹೌತಿಗಳ ಕಡೆ ಇರುವ ಮೇಷ್ಟ್ರುಗಳಿಗೆ ಆ ಸಂಬಳ ಸರಿಯಾಗಿ ಬರಲೇ ಇಲ್ಲ. ಯುನಿಸೆಫ್ 2021ರಲ್ಲಿ ಹೇಳಿದ ಪ್ರಕಾರ ದೇಶದ ಶಿಕ್ಷಕರಲ್ಲಿ ಮೂರನೇ ಎರಡು ಪಾಲು, ಅಂದರೆ 1.7 ಲಕ್ಷಕ್ಕೂ ಹೆಚ್ಚು ಜನಕ್ಕೆ, 2016ರಿಂದ ಸರಿಯಾದ ಸಂಬಳವಿಲ್ಲ.

ವರ್ಷಗಟ್ಟಲೆ ಸಂಬಳ ಇಲ್ಲ ಅಂದರೆ ಮೇಷ್ಟ್ರು ಏನು ಮಾಡುತ್ತಾರೆ? ಟ್ಯಾಕ್ಸಿ ಓಡಿಸುತ್ತಾರೆ, ಗಾರೆ ಕೆಲಸಕ್ಕೆ ಹೋಗುತ್ತಾರೆ, ಅಲ್ಲಿಯವರು ಅಮಲಿಗೆ ಅಗಿಯುವ ಖಾತ್ ಸೊಪ್ಪು ಮಾರುತ್ತಾರೆ. ಕೆಲವರು ಬಂದೂಕು ಹಿಡಿದರು, ಅಲ್ಲಿ ಊಟವಾದರೂ ಸಿಗುತ್ತದೆ. ನಾನು ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಇದ್ದವನು. ಬಟವಾಡೆ ಹದಿನೈದು ದಿನ ತಡವಾದರೆ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಅಲ್ಲಿಯವರು ಇಷ್ಟು ವರ್ಷ ಬಂದು ಪಾಠ ಮಾಡಿದ್ದಾರೆ ಅನ್ನುವುದೇ ನನಗೆ ಆಶ್ಚರ್ಯ.

ಬ್ಯಾಗಿನ ವಿಷಯ ಆಮೇಲೆ ಹೇಳುತ್ತೇನೆ.

ಗಂಗೋತ್ರಿಹುಡುಗ:

ಮೇಷ್ಟ್ರು ಹೇಳಿದ್ದು ಸರಿ. ನಾನು ಮೈಸೂರಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ. ಇಲ್ಲಿ ಯೆಮೆನ್ ವಿದ್ಯಾರ್ಥಿಗಳು ಬಹಳ ವರ್ಷದಿಂದ ಇದ್ದಾರೆ, ಅವರಲ್ಲಿ ಎಷ್ಟೋ ಜನ ಊರಲ್ಲಿ ಕಾಲೇಜು ಮೇಷ್ಟ್ರಾಗಿದ್ದವರೇ. ಯೆಮೆನ್‌ನ ಇಬ್ ಅನ್ನುವ ಊರಿನ ಕಡೆಯ ಒಬ್ಬರು ನಮ್ಮ ಪಕ್ಕದ ರೂಮಲ್ಲಿದ್ದರು. ಅವರ ಅಕ್ಕ ಅಲ್ಲೇ ಸರ್ಕಾರಿ ಶಾಲೆಯಲ್ಲಿ ಟೀಚರ್. ಅಕ್ಕ ಕಳಿಸಿದ ಒಂದು ಫೋಟೋ ತೋರಿಸಿದ್ದರು. ಒಂದು ಬೆಂಚಿಗೆ ನಾಲ್ಕು ಜನ, ಮಿಕ್ಕವರು ನೆಲದ ಮೇಲೆ, ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ. ನಾನು ನೋಡ್ತಾ ನಿಂತಿದ್ದು ಪುಸ್ತಕವನ್ನ. ನಾಲ್ಕು ಮಕ್ಕಳ ಮುಂದೆ ಒಂದೇ ಗಣಿತದ ಪುಸ್ತಕ, ಹಿಂದಿನ ವರ್ಷದ ಹುಡುಗ ಉತ್ತರ ಬರೆದಿದ್ದನ್ನ ಉಜ್ಜಿ ಉಜ್ಜಿ ಹಾಳೆ ತೂತು ಬಿದ್ದಿತ್ತು. ಶಾಲೆಗೆ ಬರಬೇಕಾದ ಪಠ್ಯಪುಸ್ತಕ ಸನಾದ ಫುಟ್‌ಪಾತಲ್ಲಿ ಮಾರಾಟಕ್ಕೆ ಇರುತ್ತೆ ಅಂತ ಅವರು ನಗ್ತಾ ಹೇಳ್ತಿದ್ರು. ಇದು ಅಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವಂತೆ.

ಇನ್ನೊಂದು. ಹೌತಿಗಳ ಕಡೆ ಸರ್ಕಾರಿ ಶಾಲೆಯಲ್ಲೇ ಪ್ರತಿ ಮಗುವಿನಿಂದ ತಿಂಗಳಿಗೆ ಇಷ್ಟು ರಿಯಾಲ್ ಅಂತ ವಂತಿಗೆ ತಗೊಳ್ತಾರೆ, ಮೇಷ್ಟ್ರಿಗೆ ಏನಾದರೂ ಕೊಡಬೇಕಲ್ಲ. ಒಂದು ಮಗುವಿಗೆ ಅದು ಸಣ್ಣ ದುಡ್ಡು. ಆದರೆ ಅಲ್ಲಿ ಮನೆಗೆ ಐದಾರು ಮಕ್ಕಳು. ಅಪ್ಪನೂ ಸರ್ಕಾರಿ ನೌಕರನಾಗಿದ್ದರೆ ಅವನಿಗೂ ಸಂಬಳ ಇಲ್ಲ! ಆಗ ಇಬ್ಬರನ್ನು ಕಳಿಸಿ ಮಿಕ್ಕವರನ್ನು ಮನೆಯಲ್ಲಿ ಉಳಿಸಿಕೊಳ್ತಾರೆ. ಉಳಿಯೋದು ಯಾರು ಅಂತ ಹೇಳಬೇಕಿಲ್ಲ ಅಲ್ವಾ.

ಸಂಜೆಬಸ್ಸು:

ಇದು ಗೊತ್ತೇ ಇರಲಿಲ್ಲ. ಹಾಗಾದರೆ ಏಡನ್ ಕಡೆ, ಅಂದರೆ ಸರ್ಕಾರದ ಕಡೆ ಇರುವ ಊರುಗಳಲ್ಲಿ ತೊಂದರೆ ಇಲ್ಲವಾ? ಅಲ್ಲಿ ಸಂಬಳ ಬರುತ್ತಲ್ಲ.

ಹಳೇಮೇಷ್ಟ್ರು:

ಬರುತ್ತದೆ, ತಡವಾಗಿ. ಆದರೆ ಆ ದುಡ್ಡಿಗೆ ಬೆಲೆ ಇಲ್ಲ. ಯುದ್ಧ ಶುರುವಾದಾಗ ಡಾಲರಿಗೆ ಸುಮಾರು 215 ರಿಯಾಲ್ ಇತ್ತು. 2024ರ ಕೊನೆಗೆ ಏಡನ್‌ನಲ್ಲಿ 2,000 ದಾಟಿತು. ತಿಂಗಳಿಗೆ 60,000 ರಿಯಾಲ್ ತರುವ ಮೇಷ್ಟ್ರು ಅಂತ ಇಟ್ಟುಕೊಳ್ಳಿ. ಮೊದಲು ಅದು 280 ಡಾಲರ್ ಆಗುತ್ತಿತ್ತು, ಆಮೇಲೆ 30 ಡಾಲರೂ ಇಲ್ಲ. ಒಂದು ಮೂಟೆ ಗೋಧಿಹಿಟ್ಟು ತಂದರೆ ಮುಗಿಯಿತು. ಹಾಗಾಗಿ ಆ ಕಡೆ ಮುಷ್ಕರದ ಮೇಲೆ ಮುಷ್ಕರ, ವಾರಗಟ್ಟಲೆ ಶಾಲೆ ಮುಚ್ಚಿರುತ್ತದೆ.

ಸನಾದಲ್ಲಿ ಬೇರೆ ಕಥೆ. ಏಡನ್‌ನವರು ಹೊಸದಾಗಿ ಅಚ್ಚು ಹಾಕಿದ ನೋಟನ್ನು 2019ರ ಕೊನೆಯಲ್ಲಿ ಹೌತಿಗಳು ನಿಷೇಧ ಮಾಡಿದರು. ಅಲ್ಲಿ ಓಡುವುದು ಹಳೇ ಹರಕು ನೋಟು, ರೇಟೂ ಬೇರೆ. ಒಂದೇ ದೇಶ, ಒಂದೇ ಹೆಸರಿನ ದುಡ್ಡು, ಎರಡು ಬೆಲೆ. ಏಡನ್‌ನಿಂದ ಉತ್ತರಕ್ಕೆ ಸಂಬಳ ಕಳಿಸಿದರೂ ಕಮಿಷನ್ನಿನಲ್ಲೇ ಅರ್ಧಕ್ಕಿಂತ ಜಾಸ್ತಿ ಕರಗುತ್ತದೆ.

ಖಾರದಪುಡಿ:

ಎಲ್ಲಾ ಸರಿ ಸ್ವಾಮಿ, ಯೆಮೆನ್ ಯಾಕೆ? ರಾಯಚೂರು, ಯಾದಗಿರಿ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಹೋಗಿ ನೋಡಿ, ಎಷ್ಟು ಮಕ್ಕಳು ಹೊಲದಲ್ಲಿ ಇರ್ತಾರೆ ಅಂತ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೊರಟರೆ ಮಕ್ಕಳೂ ಜೊತೆಗೆ. ಅತಿಥಿ ಶಿಕ್ಷಕರಿಗೆ ತಿಂಗಳುಗಟ್ಟಲೆ ಗೌರವಧನ ಬರಲ್ಲ. ಮೊದಲು ಮನೆ ನೋಡ್ಕೊಳ್ಳಿ.

ಹಳೇಮೇಷ್ಟ್ರು:

ನೋಡಿಕೊಳ್ಳೋಣ, ಬೇಡ ಅಂದವರು ಯಾರು? ಅದಕ್ಕೆ ಇನ್ನೊಂದು ಪ್ರಶ್ನೆ ಹಾಕಿ, ಅಲ್ಲೂ ಬರೆಯುತ್ತೇನೆ. ಇಲ್ಲಿ ಇವರು ಕೇಳಿದ್ದು ಯೆಮೆನ್ ಬಗ್ಗೆ. ನಮ್ಮಲ್ಲಿ ಗೌರವಧನ ತಡವಾದರೆ ಡಿಡಿಪಿಐ ಆಫೀಸ್ ಮುಂದೆ ಕೂರಬಹುದು. ಅಲ್ಲಿ ಸಂಬಳ ಕೇಳಿದ ಮೇಷ್ಟ್ರುಗಳನ್ನು ಜೈಲಿಗೆ ಹಾಕಿದ್ದಾರೆ.

ಉಡುಪಿಅಕ್ಕ:

ನಾನು ನರ್ಸ್. 2015ರವರೆಗೆ ಯೆಮೆನ್‌ನಲ್ಲಿದ್ದೆ. ಅಲ್ಲಿದ್ದ ಭಾರತೀಯರನ್ನು ವಾಪಸ್ ಕರೆತಂದ ಆಪರೇಷನ್ ರಾಹತ್ ಸಮಯದಲ್ಲಿ ಸನಾದಿಂದ ಏರ್ ಇಂಡಿಯಾ ವಿಮಾನದಲ್ಲಿ ಜಿಬೂತಿಗೆ ಬಂದು ಅಲ್ಲಿಂದ ಊರು ಸೇರಿದವಳು. ಸಂಬಳದ ವಿಷಯ ಮೇಷ್ಟ್ರು ಚೆನ್ನಾಗಿ ಹೇಳಿದ್ದಾರೆ. ನಾನು ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ಹೇಳ್ತೇನೆ, ಯುದ್ಧಕ್ಕೆ ಮೊದಲೇ ಇದ್ದ ತೊಂದರೆ ಅದು.

ಅಲ್ಲಿನ ಹಳ್ಳಿಗಳೆಲ್ಲ ಗುಡ್ಡದ ತುದಿಯಲ್ಲಿ, ನೀರು ಕೆಳಗೆ ಕಣಿವೆಯಲ್ಲಿ. ನಮ್ಮ ಆಸ್ಪತ್ರೆಗೆ ಬರುವ ದಾರಿಯಲ್ಲಿ ದಿನಾ ಬೆಳಿಗ್ಗೆ ಕಾಣುವುದು ಅಡುಗೆ ಎಣ್ಣೆಯ ಹಳದಿ ಕ್ಯಾನು ಹೊತ್ತ ಹುಡುಗಿಯರು. ಎಂಟು ಹತ್ತು ವರ್ಷದವರು. ಕ್ಯಾನಿಗೆ ಮುಚ್ಚಳ ಇರುವುದಿಲ್ಲ, ಪ್ಲಾಸ್ಟಿಕ್ ಚೂರು ಮಡಚಿ ತುರುಕಿರ್ತಾರೆ, ತಲೆಯಿಂದ ಬೆನ್ನಿಗೆ ನೀರು ಸೋರುತ್ತಾ ಇರುತ್ತದೆ. ಒಂದು ಸಲ ಹತ್ತಿ ಇಳಿದರೆ ಶಾಲೆಯ ಹೊತ್ತು ಮೀರಿತು. ಕತ್ತೆ ಇದ್ದ ಮನೆಯ ಹುಡುಗಿಗೆ ಶಾಲೆಗೆ ಹೋಗಲು ಆಗ್ತಿತ್ತು, ಇದು ಉತ್ಪ್ರೇಕ್ಷೆ ಅಲ್ಲ ಮಾರಾಯ್ರೇ.

ಆಮೇಲೆ ಟೀಚರ್ ಹೆಂಗಸಾಗಿರಬೇಕು. ಹುಡುಗಿಗೆ ಹನ್ನೆರಡು ದಾಟಿದ ಮೇಲೆ ಗಂಡು ಮೇಷ್ಟ್ರೇ ಪಾಠ ಮಾಡುವ ಶಾಲೆಗೆ ಹಳ್ಳಿಯಲ್ಲಿ ಕಳಿಸುವುದಿಲ್ಲ. ಪೇಟೆಯ ಟೀಚರಮ್ಮ ಗುಡ್ಡ ಹತ್ತಿ ಬರುವುದೂ ಇಲ್ಲ. ಹಾಗಾಗಿ ಅದೇ ಊರಲ್ಲಿ ಓದಿದ ಹುಡುಗಿಯರನ್ನು ಗುತ್ತಿಗೆ ಮೇಲೆ ಟೀಚರ್ ಮಾಡುವ ಯೋಜನೆ ಬಂತು, ಯುನಿಸೆಫ್‌ನವರೇ ನಡೆಸಿದ್ದಾರೆ. ನನ್ನ ಕೇಳಿದರೆ ಅಲ್ಲಿ ನಡೆದ ಕೆಲಸಗಳಲ್ಲಿ ಒಳ್ಳೆಯದು ಇದೇ. ಒಂದು ಊರಿಗೆ ಒಬ್ಬ ಟೀಚರಮ್ಮ ಸಿಕ್ಕರೆ ಹತ್ತಿಪ್ಪತ್ತು ಹುಡುಗಿಯರು ಶಾಲೆಗೆ ಬರ್ತಾರೆ. ಇಲ್ಲವಾದರೆ ಮದುವೆ. ಅಲ್ಲಿ ಮದುವೆಗೆ ಕನಿಷ್ಠ ವಯಸ್ಸು ಅಂತ ಕಾನೂನೇ ಇಲ್ಲ, 15 ಅಂತ ಇದ್ದದ್ದನ್ನು 1999ರಲ್ಲಿ ತೆಗೆದುಬಿಟ್ಟರು. ಹದಿನಾಲ್ಕರ ಹುಡುಗಿ ಹೆರಿಗೆಗೆ ಬಂದಾಗ ನಮಗೆ ಕೈಕಾಲು ನಡುಗುತ್ತಿತ್ತು. ಅವರ ಅತ್ತೆಗೆ ಅದೆಲ್ಲ ಮಾಮೂಲು.

ಗಂಗೋತ್ರಿಹುಡುಗ:

ಅಕ್ಕ, ನಮ್ಮ ಇಬ್ ಮಿತ್ರರೂ ಇದನ್ನೇ ಹೇಳ್ತಿದ್ರು. ಹುಡುಗರದ್ದು ಇನ್ನೊಂದು ಥರ. ಶಾಲೆ ಮುಚ್ಚಿದ ಊರಲ್ಲಿ ಹದಿಮೂರು ಹದಿನಾಲ್ಕರ ಹುಡುಗರನ್ನ ಕಾಳಗಕ್ಕೆ ಕರೆದುಕೊಂಡು ಹೋಗೋರು ಬರ್ತಾರೆ. ಮಕ್ಕಳನ್ನು ಸೇನೆಗೆ ಸೇರಿಸಲ್ಲ ಅಂತ ಹೌತಿಗಳು 2022ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆ ಜೊತೆ ಸಹಿ ಹಾಕಿದ್ದಾರೆ. ಸಹಿ ಏನೋ ಆಯ್ತು.

ಲೆಕ್ಕದಣ್ಣ:

ಒಂದು ಅಡ್ಡ ಪ್ರಶ್ನೆ. ಹೌತಿಗಳು ಟೆಲಿಕಾಂ, ತೆರಿಗೆ, ಹಡಗಿನ ಬಂದರು ಎಲ್ಲದರಿಂದ ದುಡ್ಡು ಎಳೆಯುತ್ತಾರೆ. ಮೇಷ್ಟ್ರ ಸಂಬಳವನ್ನು ಹೊರಗಿನವರು ಕೊಟ್ಟರೆ ಅವರ ದುಡ್ಡು ಯುದ್ಧಕ್ಕೆ ಉಳಿಯುತ್ತದೆ, ಅಲ್ಲವೇ? ಪಠ್ಯಪುಸ್ತಕವನ್ನೂ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡಿದ್ದಾರೆ. ಅದನ್ನು ಪಾಠ ಮಾಡಲು ನಾವು ಯಾಕೆ ದುಡ್ಡು ಕೊಡಬೇಕು?

ಹಳೇಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಇದೇ ವಾದಕ್ಕೆ ಎಷ್ಟೋ ದೇಶಗಳು ಸಂಬಳಕ್ಕೆ ಅಂತ ದುಡ್ಡು ಕೊಡಲು ಹಿಂಜರಿಯುತ್ತವೆ. ಕಟ್ಟಡಕ್ಕೆ ಕೊಡುತ್ತಾರೆ, ಬ್ಯಾಗಿಗೆ ಕೊಡುತ್ತಾರೆ, ಸಂಬಳ ಅಂದರೆ ಸರ್ಕಾರದ ಕೆಲಸ ಅನ್ನುತ್ತಾರೆ. ಆದರೆ ಒಂದು ಸಲ ಕೊಟ್ಟು ನೋಡಿದ್ದಾರೆ. 2018ರಲ್ಲಿ ಸೌದಿ ಮತ್ತು ಎಮಿರೇಟ್ಸ್ ಸೇರಿ 7 ಕೋಟಿ ಡಾಲರ್ ಘೋಷಿಸಿದವು. 2019ರಲ್ಲಿ ಯುನಿಸೆಫ್ 1 ಲಕ್ಷಕ್ಕೂ ಹೆಚ್ಚು ಮೇಷ್ಟ್ರುಗಳಿಗೆ ತಿಂಗಳಿಗೆ ಸುಮಾರು 50 ಡಾಲರಿನಷ್ಟು ನೇರವಾಗಿ ಕೈಗೆ ಕೊಟ್ಟಿತು. ಇಲಾಖೆಯ ಮೂಲಕ ಅಲ್ಲ, ಗುರುತು ನೋಡಿ ಒಬ್ಬೊಬ್ಬರಿಗೆ. ಅದನ್ನು ಸಂಬಳ ಅನ್ನಲಿಲ್ಲ, ಪ್ರೋತ್ಸಾಹಧನ ಅಂದರು. 2018ರ ಆಗಸ್ಟ್‌ನಲ್ಲಿ ಸಾದಾ ಅನ್ನುವ ಪ್ರಾಂತ್ಯದಲ್ಲಿ ಮಕ್ಕಳಿದ್ದ ಬಸ್ಸಿನ ಮೇಲೆ ಬಾಂಬ್ ಹಾಕಿ 40 ಮಕ್ಕಳನ್ನು ಕೊಂದಿದ್ದು ಇದೇ ಸೌದಿ ಕೂಟ. ಎರಡು ತಿಂಗಳಾದ ಮೇಲೆ ಇದೇ ಕೂಟದವರಿಂದ ಮೇಷ್ಟ್ರಿಗೆ ದುಡ್ಡಿನ ಘೋಷಣೆ. ಏನು ಹೇಳುವುದು.

ನಿಮ್ಮ ವಾದ ತಪ್ಪಲ್ಲ ಲೆಕ್ಕದಣ್ಣ, ಆದರೆ ಕೊಡದೆ ಇದ್ದದ್ದರಿಂದ ಹೌತಿಗಳೇನೂ ಸೊರಗಲಿಲ್ಲ, ಸೊರಗಿದ್ದು ಶಾಲೆ. 2022ರ ಅಕ್ಟೋಬರ್‌ನಲ್ಲಿ ಕದನವಿರಾಮ ಮುಂದುವರಿಸುವ ಮಾತು ಮುರಿದದ್ದೂ ಸಂಬಳದ ಮೇಲೆಯೇ. ತಮ್ಮ ಸೈನಿಕರಿಗೂ ಸೇರಿಸಿ ಕೊಡಿ ಅಂತ ಹೌತಿಗಳು ಪಟ್ಟು ಹಿಡಿದರು. 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ದೂತರು ಎರಡೂ ಕಡೆಯವರು ಸಂಬಳ ಕೊಡಲು ಒಪ್ಪಿದ್ದಾರೆ ಅಂದರು. ಅಷ್ಟರಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಹೌತಿಗಳ ದಾಳಿ ಶುರುವಾಗಿತ್ತು, ಅದು ಅಲ್ಲಿಗೇ ನಿಂತಿತು. 2025ರ ಆರಂಭದಿಂದ ಹೌತಿ ಆಡಳಿತ ಅರ್ಧಂಬರ್ಧ ಸಂಬಳ ಕೊಡುವ ಏರ್ಪಾಡು ಮಾಡಿತು. ಅಂದರೆ ದುಡ್ಡು ಒಂದಿಷ್ಟು ಇತ್ತು ಅಂತಲೇ ಆಯಿತಲ್ಲ.

ಸಂಜೆಬಸ್ಸು:

ಸರಿ, ಈಗ ಬ್ಯಾಗಿನ ವಿಷಯಕ್ಕೆ ಬನ್ನಿ ಮೇಷ್ಟ್ರೇ. ಶುಕ್ರವಾರ ನಾನು ಆಫೀಸಿನಲ್ಲಿ ಏನಾದರೂ ಹೇಳಬೇಕು.

ಹಳೇಮೇಷ್ಟ್ರು:

ಬ್ಯಾಗು ಬೇಡ ಅಂತ ನಾನು ಹೇಳುವುದಿಲ್ಲ. ಬರಿಗೈಯಲ್ಲಿ ಬರುವ ಮಗುವಿಗೆ ನೋಟ್‌ಬುಕ್ ಸಿಕ್ಕರೆ ಖುಷಿಯೇ. ಆದರೆ ಮೇಷ್ಟ್ರು ಬರದ ಶಾಲೆಗೆ ಬ್ಯಾಗು ಹಂಚಿದರೆ ಮುಂದಿನ ತಿಂಗಳು ಅದೇ ಬ್ಯಾಗಿನಲ್ಲಿ ತರಕಾರಿ ಇರುತ್ತದೆ. ಆ ಸಂಸ್ಥೆಗೆ ಕೇಳಿ: ನೀವು ಬ್ಯಾಗು ಕೊಡುವ ಶಾಲೆಯಲ್ಲಿ ಮೇಷ್ಟ್ರಿಗೆ ಏನಾದರೂ ಸಿಗುತ್ತಿದೆಯಾ, ಯಾರು ಕೊಡುತ್ತಿದ್ದಾರೆ, ಎಷ್ಟು ತಿಂಗಳಿಗೆ? ಇದಕ್ಕೆ ನೇರ ಉತ್ತರ ಕೊಟ್ಟರೆ ನಂಬಬಹುದು. ಶಾಲೆಯಲ್ಲಿ ತಿನ್ನಲು ಕೊಡುವ ಕೆಲಸ ಇದ್ದರೆ ಬ್ಯಾಗಿಗಿಂತ ಅದು ಮೇಲು. ವಿಶ್ವ ಆಹಾರ ಕಾರ್ಯಕ್ರಮದವರು ಅಲ್ಲಿ ಶಾಲೆಗಳಲ್ಲಿ ಬಿಸ್ಕತ್ತು, ಖರ್ಜೂರದ ಬಾರ್ ಕೊಟ್ಟಿದ್ದಾರೆ. ನಮ್ಮ ಬಿಸಿಯೂಟ ಬಂದ ಮೇಲೆ ಹಾಜರಿ ಹೇಗಾಯಿತು ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಉಡುಪಿಅಕ್ಕ:

ಹಳ್ಳಿ ಟೀಚರಮ್ಮಂದಿರಿಗೆ ಕೊಡುವ ಯೋಜನೆ ಇದೆಯಾ ಅಂತಲೂ ಕೇಳಿ. ಮತ್ತೆ ಉತ್ತರದಲ್ಲಾ ದಕ್ಷಿಣದಲ್ಲಾ, ಅದು ಮುಖ್ಯ. 2024ರ ಜೂನ್‌ನಿಂದ ಹೌತಿಗಳು ವಿಶ್ವಸಂಸ್ಥೆಯವರನ್ನೂ ಬೇರೆ ಸಂಸ್ಥೆಯ ಸ್ಥಳೀಯ ನೌಕರರನ್ನೂ ಹಿಡಿದು ಇಟ್ಟುಕೊಂಡಿದ್ದಾರೆ. ಆ ಕಡೆ ಎಲ್ಲಾ ಸಲೀಸಾಗಿ ನಡೆಯುತ್ತಿದೆ ಅಂತ ಯಾರಾದರೂ ಹೇಳಿದರೆ ನನಗೆ ನಂಬಿಕೆ ಬರುವುದಿಲ್ಲ.

ಲೆಕ್ಕದಣ್ಣ:

ಹೊರದೇಶದ ಸಂಸ್ಥೆಗೆ ನೇರವಾಗಿ ಕೊಟ್ಟರೆ 80ಜಿ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ. ಆಮೇಲೆ ಮಾರ್ಚ್‌ನಲ್ಲಿ ರಸೀದಿ ಎಲ್ಲಿ ಅಂತ ನಿಮ್ಮನ್ನೇ ಹಿಡಿದುಕೊಳ್ಳುತ್ತಾರೆ.

ಸಂಜೆಬಸ್ಸು:

ಆ ಸಂಸ್ಥೆಗೆ ಮೇಷ್ಟ್ರು ಹೇಳಿದ ಪ್ರಶ್ನೆ, ಅಕ್ಕ ಹೇಳಿದ ಪ್ರಶ್ನೆ ಎರಡನ್ನೂ ಮೇಲ್ ಮಾಡಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ಬರದಿದ್ದರೆ ದುಡ್ಡು ಬಿಸ್ಕತ್ತಿಗೆ. ಖಾರದಪುಡಿಯವರೇ, ರಾಯಚೂರಿನ ಪ್ರಶ್ನೆ ಹಾಕಿ, ಮುಂದಿನ ವರ್ಷಕ್ಕೆ ಬೇಕಾಗುತ್ತದೆ.