ನರಹುಲಿ ಪ್ರಶ್ನೋತ್ತರ: ಚರ್ಮದ ಡಾಕ್ಟರನ್ನು ಕೇಳಿ (ದಾವಣಗೆರೆ)

ವಿದ್ಯಾನಗರದ ತಾಯಿ: ನಮಸ್ಕಾರ ಸರ್. ಮಗನ ಬೆರಳಲ್ಲಿ ನಾಲ್ಕು ನರಹುಲಿ. ಕೇರುಬೀಜದ ಎಣ್ಣೆ ಹಚ್ಚಿದರೆ ಉದುರುತ್ತೆ ಅಂತ ಫಾರ್ವರ್ಡ್ ಬಂದಿದೆ. ಹಚ್ಚಲಾ?

ಡಾಕ್ಟರ್: ಬೇಡಮ್ಮ. ಬೊಬ್ಬೆ ಏಳುತ್ತೆ.

ಜಗಳೂರು ಮೇಷ್ಟ್ರು: ನಮ್ಮಜ್ಜಿ ಊರಿಗೆಲ್ಲ ಹಚ್ಚುತ್ತಿದ್ದರು, ಏನೂ ಆಗಲಿಲ್ಲ.

ಹರಿಹರದವ: ಅಜ್ಜಿಗೆ ಆಗಲಿಲ್ಲ. ಹಚ್ಚಿಸಿಕೊಂಡವರನ್ನ ಕೇಳಿದ್ರಾ?

ಹೆಸರು ಬೇಡ, ಚನ್ನಗಿರಿ: ಸರ್, ನನಗೆ ಎಚ್‌ಐವಿ ಇದೆ. ಎರಡು ವರ್ಷದಿಂದ ಎಆರ್‌ಟಿ, ಅಂದರೆ ಎಚ್‌ಐವಿ ಹತೋಟಿಯ ಮಾತ್ರೆ. ಕೈತುಂಬ ನರಹುಲಿ. ಡಿಎನ್‌ಸಿಬಿ ಅನ್ನೋ ಕೆಮಿಕಲ್ ಹಚ್ಚಿದರೆ ರೋಗನಿರೋಧಕ ಶಕ್ತಿ ಏರುತ್ತೆ, ಮಾತ್ರೆನೇ ಬೇಡ ಅಂತ ಓದಿದೆ. ಲ್ಯಾಬ್ ಸಾಮಾನು ಮಾರುವವರ ಹತ್ತಿರ ಬಾಟಲಿ ತಂದಿದ್ದೀನಿ. ನಿನ್ನೆಯಿಂದ ಮಾತ್ರೆ ಬಿಟ್ಟೆ.

ಡಾಕ್ಟರ್: ಮೊದಲು ಇವತ್ತಿನ ಮಾತ್ರೆ ನುಂಗಿ. ಆಮೇಲೆ ಓದಿ.

ಡಿಎನ್‌ಸಿಬಿ ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತೆ. ಆಗ ಟಿ ಕೋಶಗಳು, ಅಂದರೆ ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣಗಳು, ಅದರ ಗುರುತಿಟ್ಟುಕೊಳ್ಳುತ್ತವೆ. ಎರಡು ವಾರ ಬಿಟ್ಟು ಮತ್ತೆ ಸ್ವಲ್ಪ ತಾಗಿಸಿದರೂ ಸಾಕು, ಒಂದೆರಡು ದಿನದಲ್ಲಿ ಆ ಜಾಗ ಕೆಂಪಗೆ ಊದಿ ತುರಿಸುತ್ತೆ. 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಅನ್ನೋ ವಿಜ್ಞಾನಿಗಳು ಇಂಥ ಅಲರ್ಜಿ ಇದ್ದ ಗಿನಿಪಿಗ್‌ನ ಕೋಶ ತೆಗೆದು ಇನ್ನೊಂದಕ್ಕೆ ಕೊಟ್ಟರು, ಅದಕ್ಕೂ ಅಲರ್ಜಿ ಬಂತು. ಸೀರಂ, ಅಂದರೆ ಕೋಶಗಳಿಲ್ಲದ ರಕ್ತದ ತಿಳಿ, ಕೊಟ್ಟಾಗ ಬರಲಿಲ್ಲ. ಅಂದರೆ ಇದು ಕೋಶಗಳ ಕೆಲಸ. ನರಹುಲಿ ಮೇಲೆ ಈ ಗಲಾಟೆ ಎಬ್ಬಿಸಿದರೆ ಕೆಲವರಲ್ಲಿ ನರಹುಲಿ ತರೋ ಎಚ್‌ಪಿವಿ ವೈರಸ್ಸೂ ಜಾಗ ಖಾಲಿ ಮಾಡುತ್ತೆ. ಅಷ್ಟು ನಿಜ.

1980ರ ದಶಕದಲ್ಲಿ ಏಡ್ಸ್‌ಗೆ ಸರಿಯಾದ ಮದ್ದಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಗಿಗಳೇ ಇದನ್ನ ಹಚ್ಚಿಕೊಂಡು ನೋಡಿದರು. ನೀವು ಓದಿದ್ದು ಆ ಕಾಲದ್ದು. ಜನ ಉಳಿದದ್ದು 1996ರ ಹೊತ್ತಿಗೆ ಮೂರು ಔಷಧಿ ಸೇರಿಸಿ ಕೊಡೋಕೆ ಶುರುಮಾಡಿದ ಮೇಲೆ. ಎಚ್‌ಐವಿ ತಿನ್ನೋದೇ ಸಿಡಿ4 ಅನ್ನೋ ಟಿ ಕೋಶಗಳನ್ನ. ಬೆಂಕಿ ಬಿತ್ತು ಅಂತ ಕೂಗಿದರೆ ಓಡಿಬರೋಕೆ ಊರಲ್ಲಿ ಜನ ಇರಬೇಕಲ್ವಾ?

ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಡಿಎನ್‌ಸಿಬಿ ಡಿಎನ್‌ಎ ಕೆಡಿಸೋದು ಗೊತ್ತಾಗಿ ನಮ್ಮ ಚರ್ಮದ ಡಾಕ್ಟರುಗಳು ಹೆಚ್ಚಾಗಿ ಡಿಪಿಸಿಪಿ ಅನ್ನೋ, ಹೀಗೇ ಅಲರ್ಜಿ ಎಬ್ಬಿಸೋ ಇನ್ನೊಂದು ಕೆಮಿಕಲ್‌ಗೆ ಹೋದರು. ಅದನ್ನೂ ತೀರಾ ತೆಳುವಾಗಿ ಬೆರೆಸಿ, ನೋಡಿ ನೋಡಿ ಏರಿಸುತ್ತೇವೆ. ನಿಮ್ಮ ಬಾಟಲಿ ಮುಚ್ಚಳ ತೆಗೀಬೇಡಿ. ಕೊನೆಯ ಸಿಡಿ4 ಎಷ್ಟಿತ್ತು?

ಒಬ್ಬ ಸದಸ್ಯ: ಇಂಥ ಕಾಯಿಲೆ ಮಾತು ಗುಂಪಲ್ಲಿ ಬೇಕಾ ಅಡ್ಮಿನ್?

ಹರಿಹರದವ: ನಿಮಗೆ ಬೇಡದಿದ್ದರೆ ಆಚೆ ಹೋಗಿ.

ಹೊನ್ನಾಳಿ ರೈತ: ಸರ್, ಕಾಂಗ್ರೆಸ್ ಗಿಡ ಕಿತ್ತರೆ ಕತ್ತು, ಕಣ್ಣ ರೆಪ್ಪೆ ಊದುತ್ತೆ. ಇದೂ ಅದೇನಾ?

ಇನ್ನೊಬ್ಬರು: ನರಹುಲಿಗೆ ಸುಣ್ಣ, ಸೋಡ?

ಡಾಕ್ಟರ್: ಬೇಡ.

ಮತ್ತೊಬ್ಬರು: ಬೆಳ್ಳುಳ್ಳಿ?

ಡಾಕ್ಟರ್: ಬೇಡ ಅಂದೆ.

ಜಗಳೂರು ಮೇಷ್ಟ್ರು: ನಾಟಿ ಔಷಧಿ ಕಂಡರೆ ಇವರಿಗಾಗಲ್ಲ.

ಡಾಕ್ಟರ್: ಮೇಷ್ಟ್ರೇ, ಕೇರಿನ ರಸ ಮಾಡೋದೂ ಇದೇ ಜಾತಿ ಅಲರ್ಜಿ. ಎಣ್ಣೆ ಮಣಿಕಟ್ಟಿನಿಂದ ಹರಿದ ದಾರಿಯಲ್ಲೇ ಸಾಲುಬೊಬ್ಬೆ, ನಡುವೆ ಕಪ್ಪು ಗೆರೆ. ಅಂಥ ಕೈ ಬಂದಾಗ ನಿಮ್ಮನ್ನೇ ಕರೀತೀನಿ, ಬಂದು ಸಮಾಧಾನ ಹೇಳಿ.

ವಿದ್ಯಾನಗರದ ತಾಯಿ: ಹಂಗಾದ್ರೆ ನನ್ನ ಮಗನಿಗೆ?

ಡಾಕ್ಟರ್: ಮಕ್ಕಳಲ್ಲಿ ಎರಡು ವರ್ಷದೊಳಗೆ ಬಹುಪಾಲು ತಾನೇ ಹೋಗುತ್ತೆ. ಕಚ್ಚೋಕೆ ಬಿಡಬೇಡಿ.

ಚನ್ನಗಿರಿ: ಮಾತ್ರೆ ತಗೊಂಡೆ ಸರ್. ಹೋದ ಸಲ ಸಿಡಿ4 180 ಇತ್ತು.

ಡಾಕ್ಟರ್: ನಾಳೆ ಬೆಳಿಗ್ಗೆನೇ ಎಆರ್‌ಟಿ ಸೆಂಟರ್‌ಗೆ ಹೋಗಿ, ಒಂದು ದಿನ ಬಿಟ್ಟಿದ್ದು ಹೇಳಿ. ಬಾಟಲಿಯನ್ನ ಹಂಗೇ ಕವರಲ್ಲಿ ಸುತ್ತಿ ನನ್ನ ಹತ್ತಿರ ತನ್ನಿ. ಮನೇಲಿ ಮಕ್ಕಳಿದ್ದಾರಾ?